ಹೆಪ್ಪು ಎಳೆದು ತೆಗೆದರೆ ಕಾಲು ಸರಿಹೋಗುತ್ತದಾ?

(ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಕೆಲವು ಕಡೆ ಸೇರಿಸಿದ್ದೇನೆ. ಮೈಕು ಕೈಕೊಟ್ಟ ಹತ್ತು ನಿಮಿಷವನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ಒಳಗೆ ಬರುವಾಗ ಹಿರಿಯರೊಬ್ಬರು ಬಾಗಿಲಲ್ಲೇ ನನ್ನನ್ನು ನಿಲ್ಲಿಸಿದರು. ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದರು. ನೀಲಿ ಬಟ್ಟೆಯ ಮೇಲೆ ಮೊಳದುದ್ದದ ಕಡುಗೆಂಪು ಹೆಪ್ಪು ಬಿದ್ದಿದೆ. ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲು. "ನೋಡಿ ಡಾಕ್ಟ್ರೇ, ಅಲ್ಲೆಲ್ಲ ಹಗ್ಗ ಎಳೆದ ಹಾಗೆ ಎಳೆದು ಹಾಕ್ತಾರೆ. ನನ್ನ ಮಗಳಿಗೆ ಹೋದ ತಿಂಗಳು ಕಾಲಲ್ಲಿ ಹೆಪ್ಪು ಅಂದ್ರು. ಬರೀ ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ರು. ಇದು ಸರೀನಾ?" ಅಂದರು.

ಅವರಿಗೆ ಅಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಇವತ್ತಿನ ಇಡೀ ಮಾತು ಆ ಪ್ರಶ್ನೆಯ ಸುತ್ತಲೇ ಇದೆ. ಹಾಗಾಗಿ "ಮುಂದಿನ ಸಾಲಲ್ಲಿ ಕೂತ್ಕೊಳ್ಳಿ, ಕೊನೆಗೆ ನಿಮ್ಮ ಹತ್ತಿರ ಬರ್ತೀನಿ" ಅಂದೆ. ಕೂತಿದ್ದಾರೆ.

ನನ್ನ ಕೆಲಸ ಸೂಜಿ, ತಂತಿ, ಸಣ್ಣ ಕೊಳವೆ ಹಿಡಿದು ರಕ್ತನಾಳದ ಒಳಗೆ ಹೋಗುವುದು. ಇಂಥ ವಿಡಿಯೋ ನೋಡಿದರೆ ನನಗೂ ಖುಷಿಯಾಗುತ್ತದೆ. ಕೈಗೆ ಸಿಕ್ಕಿದ ಹೆಪ್ಪು ಕಣ್ಣಿಗೆ ಕಾಣುವ ಪುರಾವೆ, ಅಲ್ವಾ? ಆದರೆ ಬಟ್ಟೆಯ ಮೇಲಿನ ಹೆಪ್ಪು ಒಂದು ವಿಷಯ. ಎರಡು ವರ್ಷ ಬಿಟ್ಟು ಆ ಕಾಲು ಹೇಗಿದೆ ಅನ್ನುವುದು ಬೇರೆ ವಿಷಯ. ಇವೆರಡರ ನಡುವಿನ ಅಂತರ ನಾವೆಲ್ಲ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಅಂತ ಗೊತ್ತಾಗಿದ್ದು ಈಚೆಗೆ.

ಮೊದಲು ಒಂದು ಪದದ ಗೊಂದಲ ಬಿಡಿಸೋಣ. ನಮ್ಮ ಕಡೆ ಎಲ್ಲದಕ್ಕೂ 'ನರ' ಅನ್ನುತ್ತೇವೆ. ಕಾಲಿನ ಮೇಲೆ ಉಬ್ಬಿ ಕಾಣುವ ರಕ್ತನಾಳವೂ ನರ, ಕೈ ಜೋಮು ಹಿಡಿದರೆ ಅದೂ ನರ. ಹೀಗಾಗಿ 'ಕಾಲಿನ ನರದಲ್ಲಿ ಹೆಪ್ಪು' ಅಂದದ್ದು ಕೇಳಿ ನೇರವಾಗಿ ನರರೋಗ ತಜ್ಞರ ಬಾಗಿಲು ತಟ್ಟಿದವರನ್ನು ನಾನು ನೋಡಿದ್ದೇನೆ. ಇಲ್ಲಿ ಹೇಳುತ್ತಿರುವುದು ಸಿರೆಯ ಬಗ್ಗೆ. ಕಾಲಿನ ರಕ್ತವನ್ನು ಮೇಲಕ್ಕೆ, ಹೃದಯದ ಕಡೆಗೆ ವಾಪಸ್ ಒಯ್ಯುವ ಕೊಳವೆ ಅದು. ಚರ್ಮದ ಕೆಳಗೆ ಕಾಣುವಂಥದ್ದಲ್ಲ, ಮಾಂಸಖಂಡದ ನಡುವೆ ಆಳದಲ್ಲಿ ಇರುವಂಥದ್ದು. ಅದರೊಳಗೆ ರಕ್ತ ಹೆಪ್ಪುಗಟ್ಟಿದರೆ ಡಿವಿಟಿ ಅನ್ನುತ್ತಾರೆ.

ಹೆಪ್ಪು ಅನ್ನುವುದು ಒಳ್ಳೆಯ ಪದ. ಹಾಲಿಗೆ ಹಾಕುವ ಹೆಪ್ಪೂ ಅದೇ. ಹೊಸದಾಗಿ ಹೆಪ್ಪುಗಟ್ಟಿದ ಮೊಸರು ಹೇಗೆ ಮೆತ್ತಗೆ ಇರುತ್ತದೋ ಹೊಸ ರಕ್ತದ ಹೆಪ್ಪೂ ಹಾಗೇ ಇರುತ್ತದೆ. ಕಡೆದರೆ ಒಡೆಯುತ್ತದೆ, ಔಷಧಿ ಬಿಟ್ಟರೆ ಕರಗುತ್ತದೆ, ಎಳೆದರೆ ಬರುತ್ತದೆ. ಆದರೆ ಮೊಸರಿನ ಹೋಲಿಕೆ ಎರಡು ವಾರಕ್ಕೆ ಮುಗಿಯಿತು. ಆಮೇಲೆ ಅದು ಮೊಸರಲ್ಲ. ಸಿರೆಯ ಗೋಡೆಗೆ ಅಂಟಿಕೊಂಡು, ಒಳಗೆ ನಾರು ಬೆಳೆದು, ಗಾಯದ ಕಲೆಯ ಥರ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ನಾವು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, "ಕಾಲು ಊದಿಕೊಂಡು ಎಷ್ಟು ದಿನ ಆಯ್ತು?" 14 ದಿನದ ಒಳಗೆ ಅಂದರೆ ಕಿವಿ ನೆಟ್ಟಗಾಗುತ್ತದೆ. ಎರಡು ತಿಂಗಳು ಎಣ್ಣೆ ಹಚ್ಚಿ ನೋಡಿ ಬಂದೆ ಅಂದರೆ ನಮ್ಮ ಅರ್ಧ ಸಲಕರಣೆ ಅಲ್ಲೇ ನಿರುಪಯೋಗಿ.

ಅಂದ ಹಾಗೆ, ಹೆಪ್ಪು ಇರುವ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹೋಗಿ ಕೂತರೆ ಜೀವಕ್ಕೇ ಅಪಾಯ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಮೊದಲು ಡಾಪ್ಲರ್ ಸ್ಕ್ಯಾನ್, ಅಂದರೆ ಸಿರೆಯಲ್ಲಿ ರಕ್ತ ಹರಿಯುತ್ತಿದೆಯಾ ಅಂತ ನೋಡುವ ಸ್ಕ್ಯಾನ್.

ಇನ್ನು ಮಾತ್ರೆ. 'ರಕ್ತ ತೆಳ್ಳಗೆ ಮಾಡುವ ಮಾತ್ರೆ' ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ನಿಜವಾಗಿ ಅದು ರಕ್ತವನ್ನು ತೆಳ್ಳಗೆ ಮಾಡುವುದಿಲ್ಲ, ಹೆಪ್ಪನ್ನು ಕರಗಿಸುವುದೂ ಇಲ್ಲ. ಹೆಪ್ಪು ಇನ್ನೂ ಬೆಳೆಯದಂತೆ ತಡೆಯುತ್ತದೆ, ಅಷ್ಟೆ. ಕರಗಿಸುವ ಕೆಲಸವನ್ನು ನಿಧಾನಕ್ಕೆ ನಮ್ಮ ಮೈಯೇ ಮಾಡಿಕೊಳ್ಳುತ್ತದೆ. ಹೆಪಾರಿನ್ ಇಂಜೆಕ್ಷನ್, ವಾರ್ಫರಿನ್, ಈಗ ರಿವರೊಕ್ಸಬಾನ್, ಎಪಿಕ್ಸಬಾನ್ ಎಲ್ಲವೂ ಇದೇ ಕೆಲಸದವು. ಕನಿಷ್ಠ ಮೂರು ತಿಂಗಳು ತಗೋಬೇಕು. ಜೀವ ಉಳಿಸುವುದು ಈ ಮಾತ್ರೆ. ನಾನು ಮುಂದೆ ಹೇಳುವ ಯಾವ ಯಂತ್ರವೂ ಇದರ ಜಾಗ ತುಂಬುವುದಿಲ್ಲ. ಹೆಪ್ಪು ಎಳೆಸಿಕೊಂಡವರೂ ಮಾತ್ರೆ ತಗೋಲೇಬೇಕು. ಇದು ಬಹಳ ಜನರಿಗೆ ಗೊತ್ತಿಲ್ಲ.

ಹಾಗಿದ್ದರೆ ಯಂತ್ರ ಯಾಕೆ? ಕಾಲಿಗಾಗಿ.

ಸಿರೆಯೊಳಗೆ ಎರಡು ರೆಕ್ಕೆಯ ಸಣ್ಣ ಕವಾಟಗಳಿವೆ. ಮೇಲೆ ಹೋದ ರಕ್ತ ಕೆಳಗೆ ಜಾರದಂತೆ ಅವು ಹಿಡಿದುಕೊಳ್ಳುತ್ತವೆ. ಹೆಪ್ಪು ಕೂತ ಜಾಗದಲ್ಲಿ ಕವಾಟ ಹಾಳಾಗುತ್ತದೆ, ಇಲ್ಲವೇ ದಾರಿಯೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಸಂಜೆಯಾದರೆ ಕಾಲು ಭಾರ, ಊತ, ಕೆರೆತ. ಪಾದದ ಗಂಟಿನ ಸುತ್ತಲಿನ ಚರ್ಮ ಕಪ್ಪಾಗುತ್ತದೆ, ಕೆಲವರಿಗೆ ಮಾಯದ ಹುಣ್ಣಾಗುತ್ತದೆ. ಡಿವಿಟಿ ಆದವರಲ್ಲಿ ಸುಮಾರು 20ರಿಂದ 50 ಶೇಕಡಾ ಜನಕ್ಕೆ ಇದು ಯಾವುದೋ ಮಟ್ಟದಲ್ಲಿ ಬರುತ್ತದೆ. ಇದನ್ನು 'ಹೆಪ್ಪಿನ ನಂತರದ ಕಾಲು' ಅಂತ ಕರೆಯೋಣ. ಹೆಪ್ಪನ್ನು ಬೇಗ ತೆಗೆದರೆ ಕವಾಟ ಉಳಿಯುತ್ತದೆ, ಕಾಲು ಉಳಿಯುತ್ತದೆ ಅನ್ನುವುದು ನಮ್ಮ ಲೆಕ್ಕಾಚಾರ. ಕೇಳಲು ಎಷ್ಟು ಸರಿಯಾಗಿದೆ ನೋಡಿ.

ಮೊದಮೊದಲು ಹೆಪ್ಪು ಕರಗಿಸುವ ಔಷಧಿಯನ್ನು ಕೈಗೆ ಡ್ರಿಪ್ ಹಾಕಿ ಇಡೀ ಮೈಗೆ ಬಿಡುತ್ತಿದ್ದರು. ಸ್ಟ್ರೆಪ್ಟೋಕೈನೇಸ್ ಅನ್ನುವ ಔಷಧಿಯ ಕಾಲದ ಮಾತು. ಹೆಪ್ಪು ಕರಗುತ್ತಿತ್ತು, ಜೊತೆಗೆ ಬೇರೆಲ್ಲೋ ರಕ್ತಸ್ರಾವವೂ ಆಗುತ್ತಿತ್ತು. ಒಂದು ಗಿಡಕ್ಕೆ ನೀರು ಬೇಕು ಅಂತ ಇಡೀ ತೋಟಕ್ಕೆ ಕಾಲುವೆ ಒಡೆದ ಹಾಗೆ. ಆಮೇಲೆ ಬಂದಿದ್ದು ಕ್ಯಾತಿಟರ್. ರೋಗಿಯನ್ನು ಬೋರಲು ಮಲಗಿಸಿ, ಮಂಡಿಯ ಹಿಂದಿನ ಸಿರೆಗೆ ಸ್ಕ್ಯಾನ್ ನೋಡುತ್ತಾ ಸೂಜಿ ಹಾಕಿ, ಪಕ್ಕದಲ್ಲೆಲ್ಲ ತೂತಿರುವ ಸಣ್ಣ ಕೊಳವೆಯನ್ನು ಹೆಪ್ಪಿನೊಳಗೇ ತೂರಿಸಿ ಇಡುತ್ತೇವೆ. ಅದರ ಮೂಲಕ ಆಲ್ಟಿಪ್ಲೇಸ್ ಅನ್ನುವ ಔಷಧಿ ಗಂಟೆಗೆ ಅರ್ಧದಿಂದ ಒಂದು ಮಿಲಿಗ್ರಾಂನಂತೆ ಹನಿಹನಿಯಾಗಿ ಇಳಿಯುತ್ತದೆ. ಒಂದು ರಾತ್ರಿ, ಕೆಲವೊಮ್ಮೆ ಎರಡು ರಾತ್ರಿ. ಅಷ್ಟೂ ಹೊತ್ತು ಐಸಿಯು. ಕೆಲವು ಗಂಟೆಗೊಮ್ಮೆ ರಕ್ತ ಪರೀಕ್ಷೆ. ಬೆಳಿಗ್ಗೆ ಮತ್ತೆ ಕ್ಯಾತ್‌ಲ್ಯಾಬಿಗೆ, ಅಂದರೆ ಈ ಕೊಳವೆ ಹಾಕುವ ಕೋಣೆಗೆ ಒಯ್ದು ದಾರಿ ಬಿಟ್ಟಿದೆಯಾ ಅಂತ ನೋಡುವುದು. ಹೊರಗೆ ಬೆಂಚಿನ ಮೇಲೆ ಮನೆಯವರಿಗೂ ನಿದ್ದೆ ಇರುವುದಿಲ್ಲ.

ಈ ವಿಧಾನಕ್ಕೆ ಮೊದಲ ಗಟ್ಟಿ ಬೆಂಬಲ ಬಂದಿದ್ದು ನಾರ್ವೆಯಿಂದ. ಕ್ಯಾವೆಂಟ್ ಅನ್ನುವ ಅಧ್ಯಯನದಲ್ಲಿ 209 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಬರೀ ಮಾತ್ರೆ, ಇನ್ನೊಂದಕ್ಕೆ ಮಾತ್ರೆ ಜೊತೆಗೆ ಕ್ಯಾತಿಟರ್. 2012ರಲ್ಲಿ ಎರಡು ವರ್ಷದ ಫಲಿತಾಂಶ ಬಂತು. ಬರೀ ಮಾತ್ರೆಯವರಲ್ಲಿ 55.6 ಶೇಕಡಾ ಜನಕ್ಕೆ ಹೆಪ್ಪಿನ ನಂತರದ ಕಾಲು. ಕ್ಯಾತಿಟರ್‌ನವರಲ್ಲಿ 41.1. ಐದು ವರ್ಷಕ್ಕೆ ಈ ಅಂತರ ಇನ್ನೂ ಹಿಗ್ಗಿತು, 71ಕ್ಕೆ 43. ನಮ್ಮ ವೃತ್ತಿಯವರೆಲ್ಲ ಎದೆಯುಬ್ಬಿಸಿದರು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿತ್ತು. ಐದು ವರ್ಷದ ನಂತರ "ನಿಮ್ಮ ದಿನದ ಬದುಕು ಹೇಗಿದೆ?" ಅಂತ ಕೇಳಿದಾಗ ಎರಡೂ ಗುಂಪಿನವರ ಉತ್ತರ ಹೆಚ್ಚುಕಡಿಮೆ ಒಂದೇ. ಎದೆಯುಬ್ಬಿಸುವಾಗ ಆ ಸಾಲಿನ ಕಡೆ ಕಣ್ಣು ಹೋಗಿದ್ದು ಕಡಿಮೆ.

ಆಮೇಲೆ ಅಮೆರಿಕದ ಅಟ್ರ್ಯಾಕ್ಟ್ ಅಧ್ಯಯನ. 56 ಆಸ್ಪತ್ರೆ, 692 ರೋಗಿಗಳು. ಮುಂದಾಳು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡಾ. ಸುರೇಶ್ ವೇದಾಂತಂ. ಅವರೂ ನನ್ನ ಹಾಗೆ ಕ್ಯಾತಿಟರ್ ಹಿಡಿಯುವ ರೇಡಿಯಾಲಜಿ ಡಾಕ್ಟರೇ. ಇಲ್ಲಿ ಔಷಧಿ ಬಿಡುವುದರ ಜೊತೆಗೆ ಹೆಪ್ಪನ್ನು ಒಡೆದು ಹೀರುವ ಯಂತ್ರವನ್ನೂ ಬಳಸಿದರು. ಫಲಿತಾಂಶ 2017ರ ಡಿಸೆಂಬರಿನಲ್ಲಿ ಬಂತು. ಎರಡು ವರ್ಷಕ್ಕೆ ಹೆಪ್ಪಿನ ನಂತರದ ಕಾಲು: ಯಂತ್ರದವರಲ್ಲಿ 47 ಶೇಕಡಾ, ಬರೀ ಮಾತ್ರೆಯವರಲ್ಲಿ 48.

ಒಂದೇ ಒಂದು ಶೇಕಡಾ. ಅದೂ ಲೆಕ್ಕಕ್ಕಿಲ್ಲದ್ದು. ಮೇಲೆ ಮೊದಲ ಹತ್ತು ದಿನದ ದೊಡ್ಡ ರಕ್ತಸ್ರಾವ ಯಂತ್ರದವರಲ್ಲಿ 1.7 ಶೇಕಡಾ, ಇನ್ನೊಂದು ಗುಂಪಿನಲ್ಲಿ 0.3. ತಮ್ಮ ಕಸುಬಿಗೇ ಏಟು ಕೊಡುವ ಫಲಿತಾಂಶವನ್ನು ಮುಚ್ಚುಮರೆ ಇಲ್ಲದೆ ಮುಂದಿಟ್ಟರಲ್ಲ, ಅದಕ್ಕೆ ನಾನು ಅವರಿಗೆ ಕೈಮುಗಿಯುತ್ತೇನೆ.

ಹಾಗಾದರೆ ಕ್ಯಾತಿಟರ್ ಅಟ್ಟಕ್ಕೆ ಹಾಕಿದೆವಾ? ಇಲ್ಲ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕೇಳಬೇಕಾದ ಪ್ರಶ್ನೆ, 'ಹೆಪ್ಪಿನ ನಂತರದ ಕಾಲು' ಬಂತು ಅಂತ ಅಳೆದದ್ದು ಹೇಗೆ? ವಿಲಾಲ್ಟಾ ಅನ್ನುವ ಒಂದು ಅಂಕಪಟ್ಟಿ ಇದೆ. ನೋವು, ಸೆಳೆತ, ಭಾರ, ಕೆರೆತ, ಜುಮುಗುಡುವಿಕೆ ಅಂತ ಐದು ದೂರು. ಊತ, ಚರ್ಮ ಗಟ್ಟಿಯಾಗುವುದು, ಕಪ್ಪಾಗುವುದು, ಕೆಂಪಾಗುವುದು, ಸಣ್ಣ ಸಿರೆ ಉಬ್ಬುವುದು, ಮೀನಖಂಡ ಒತ್ತಿದರೆ ನೋವು ಅಂತ ಆರು ಲಕ್ಷಣ. ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಒಟ್ಟು ಐದು ಬಂದರೆ ಸಾಕು, 'ಬಂದಿದೆ' ಅಂತ ಗುರುತು. ಅರವತ್ತು ದಾಟಿದವರು ನೀವೇ ಮನೆಗೆ ಹೋಗಿ ಲೆಕ್ಕ ಹಾಕಿ ನೋಡಿ. ಹೆಪ್ಪು ಕಟ್ಟದಿದ್ದರೂ ಎರಡು ಮೂರು ಅಂಕ ಬಂದೀತು. ಸಂಜೆ ಸ್ವಲ್ಪ ಭಾರ ಅನ್ನುವವರೂ, ಕಾಲಲ್ಲಿ ಹುಣ್ಣಾಗಿ ಕೆಲಸ ಬಿಟ್ಟವರೂ ಒಂದೇ ಚೀಲಕ್ಕೆ ಬೀಳುತ್ತಾರೆ.

ಅಟ್ರ್ಯಾಕ್ಟ್‌ನವರೇ ಚೀಲ ಬಿಚ್ಚಿ ಬೇರೆ ಮಾಡಿದರು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಅಂಕದ ನಡುಮಟ್ಟದ ಮತ್ತು ಜೋರಾದ ತೊಂದರೆ ಮಾತ್ರ ಎಣಿಸಿದಾಗ ಯಂತ್ರದವರಲ್ಲಿ 18 ಶೇಕಡಾ, ಬರೀ ಮಾತ್ರೆಯವರಲ್ಲಿ 24. ಹೆಪ್ಪು ತೊಡೆಸಂದಿಯಿಂದ ಮೇಲೆ ಇದ್ದ 391 ಜನರನ್ನಷ್ಟೇ ನೋಡಿದಾಗ 18ಕ್ಕೆ 28. ತೊಡೆಯಲ್ಲಿ, ಮಂಡಿಯ ಹಿಂದೆ ಮಾತ್ರ ಇದ್ದವರಿಗೆ ಲಾಭ ಕಾಣಲಿಲ್ಲ.

ಯಾಕೆ ಹೀಗೆ? ಮಂಗಳೂರಿನಿಂದ ಬೆಂಗಳೂರಿಗೆ ಬರುವ ದಾರಿ ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಬಸ್ಸು ನಿಲ್ಲುತ್ತದಾ? ಚಾರ್ಮಾಡಿ ಮೇಲೆ ಬರುತ್ತದೆ, ಇಲ್ಲ ಮಡಿಕೇರಿ ಸುತ್ತಿ ಬರುತ್ತದೆ. ಹೊತ್ತಾಗುತ್ತದೆ, ಆದರೆ ಬರುತ್ತದೆ. ತೊಡೆಯ ಸಿರೆ ಹಾಗೆ. ಅದು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಆಳದ ಸಿರೆ ಇದೆ, ಸುತ್ತುಬಳಸಿ ರಕ್ತ ಮೇಲೆ ಹೋಗುತ್ತದೆ. ಆದರೆ ತೊಡೆಸಂದಿಯಲ್ಲಿ ಆ ಎಲ್ಲ ದಾರಿಗಳೂ ಒಂದಾಗಿ ಹೊಟ್ಟೆಯೊಳಗೆ ಹೋಗುತ್ತವೆ. ಅಲ್ಲಿಂದ ಮೇಲೆ ಇಲಿಯಾಕ್ ಸಿರೆ. ಅದು ಹೊಳೆಯಾಚೆಯ ಹಳ್ಳಿಗೆ ಇರುವ ಒಂದೇ ಸೇತುವೆ. ಸೇತುವೆ ಮುಳುಗಿದರೆ ಹಳ್ಳಿ ದ್ವೀಪ.

ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇದೇ. ಯಾವ ಯಂತ್ರ ಅನ್ನುವುದಕ್ಕಿಂತ ಯಾವ ಸಿರೆ ಅನ್ನುವುದು ಮುಖ್ಯ. ಆದರೆ ಜನ ಕೇಳುವುದು, ಕಂಪನಿಗಳು ಮಾತಾಡುವುದು ಯಂತ್ರದ ಬಗ್ಗೆ. ಹಾಗಾಗಿ ಅದನ್ನೂ ಹೇಳುತ್ತೇನೆ.

ಈಕೋಸ್ ಅನ್ನುವುದು ಒಂದು. ಔಷಧಿ ಬಿಡುವ ಕೊಳವೆಯೊಳಗೇ ಶಬ್ದದ ಅಲೆ ಹೊರಡಿಸಿ ಹೆಪ್ಪಿನ ಎಳೆಗಳನ್ನು ಸಡಿಲ ಮಾಡಿ, ಔಷಧಿ ಒಳಗೆ ಇಳಿಯುವ ಹಾಗೆ ಮಾಡುತ್ತದೆ. ಯೋಚನೆ ಚಂದ, ಬೆಲೆ ಇನ್ನೂ ಚಂದ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ 48 ಜನರ ಮೇಲೆ ಒಂದು ಜಾಣ ಪರೀಕ್ಷೆ ಮಾಡಿದರು. ಎಲ್ಲರಿಗೂ ಅದೇ ಕೊಳವೆ, ಅದೇ ಔಷಧಿ. ಅರ್ಧ ಜನಕ್ಕೆ ಶಬ್ದದ ಅಲೆಯ ಸ್ವಿಚ್ ಹಾಕಿದರು, ಅರ್ಧ ಜನಕ್ಕೆ ಹಾಕಲಿಲ್ಲ. ಹೆಪ್ಪು ಕರಗಿದ ಪ್ರಮಾಣದಲ್ಲಿ ವ್ಯತ್ಯಾಸವೇ ಬರಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ಇದೇ ಉಪಕರಣವನ್ನು ಬರೀ ಮಾತ್ರೆಯ ಎದುರು ಇಟ್ಟು ನೋಡಿದ ಕಾವಾ ಅಧ್ಯಯನ 2020ರಲ್ಲಿ ಬಂತು. ಒಂದು ವರ್ಷಕ್ಕೆ ಹೆಪ್ಪಿನ ನಂತರದ ಕಾಲು ಉಪಕರಣದವರಲ್ಲಿ 29 ಶೇಕಡಾ, ಬರೀ ಮಾತ್ರೆಯವರಲ್ಲಿ 35. ಆ ಅಂತರ ಅದೃಷ್ಟದಿಂದಲೂ ಬರಬಹುದಾದಷ್ಟೇ.

ಆಂಜಿಯೋಜೆಟ್ ಇನ್ನೊಂದು. ಇದು ಕಾರು ತೊಳೆಯುವ ಪೈಪಿನ ಹಾಗೆ. ಸಲೈನನ್ನು ಜೋರಾಗಿ ಚಿಮ್ಮಿಸಿ, ಆ ರಭಸಕ್ಕೆ ಹೆಪ್ಪನ್ನು ಒಡೆದು ಹಿಂದಕ್ಕೆ ಹೀರುತ್ತದೆ. ಕೆಲಸ ಬೇಗ ಆಗುತ್ತದೆ. ಆದರೆ ಆ ರಭಸಕ್ಕೆ ಕೆಂಪು ರಕ್ತಕಣಗಳೂ ಒಡೆಯುತ್ತವೆ. ಮರುದಿನ ಮೂತ್ರ ಕೋಕಂ ಶರಬತ್ತಿನ ಬಣ್ಣಕ್ಕೆ ತಿರುಗಿ ಮನೆಯವರು ಹೌಹಾರುತ್ತಾರೆ. ಹೆಚ್ಚಿನವರಿಗೆ ಸರಿಹೋಗುತ್ತದೆ. ಕಿಡ್ನಿ ಮೊದಲೇ ದುರ್ಬಲ ಇದ್ದವರಿಗೆ ಮಾತ್ರ ಇದು ಸಣ್ಣ ವಿಷಯವಲ್ಲ, ಅವರಲ್ಲಿ ನಾನು ಹಿಂಜರಿಯುತ್ತೇನೆ.

ಬರೀ ಹೀರುವ ಯಂತ್ರಗಳೂ ಇವೆ, ಪೆನಂಬ್ರಾ ಅಂಥದ್ದು. ಹೆಪ್ಪಿನ ಜೊತೆ ಒಳ್ಳೆಯ ರಕ್ತವೂ ಡಬ್ಬಿಗೆ ಹೋಗುತ್ತದೆ ಅನ್ನುವುದನ್ನು ಗಮನದಲ್ಲಿ ಇಟ್ಟುಕೊಂಡು ಮಾಡಬೇಕು.

ಇನ್ನು ವಿಡಿಯೋದಲ್ಲಿ ನೋಡಿದ್ದು. ಅದು ಕ್ಲಾಟ್‌ಟ್ರೀವರ್. ಸಿರೆಯೊಳಗೆ ಮೇಲಿನ ತನಕ ಹೋಗಿ, ಅಲ್ಲಿ ಲೋಹದ ಬಳೆಯೊಂದು ಬಿಚ್ಚಿಕೊಳ್ಳುತ್ತದೆ. ಅದರ ಹಿಂದೆ ಜಾಲರಿಯ ಚೀಲ. ಕೆಳಕ್ಕೆ ಎಳೆಯುತ್ತಾ ಬಂದರೆ ಬಳೆ ಗೋಡೆಯಿಂದ ಹೆಪ್ಪನ್ನು ಕೆರೆಯುತ್ತದೆ, ಚೀಲ ತುಂಬಿಕೊಳ್ಳುತ್ತದೆ. ತೆಂಗಿನಕಾಯಿ ತುರಿದು ಬಟ್ಟಲಿಗೆ ಬೀಳಿಸಿಕೊಂಡ ಹಾಗೆ. ಕರಗಿಸುವ ಔಷಧಿ ಬೇಡ. ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ. ಐಸಿಯುವಿನಲ್ಲಿ ರಾತ್ರಿ ಕಳೆಯುವುದು ಸಾಮಾನ್ಯವಾಗಿ ತಪ್ಪುತ್ತದೆ.

ಔಷಧಿ ಬೇಡ ಅನ್ನುವುದು ದೊಡ್ಡ ವಿಷಯ. ಸಿಸೇರಿಯನ್ ಆಗಿ ಐದು ದಿನವಾದ ಬಾಣಂತಿಯ ಎಡಗಾಲು ಬಾಳೆದಿಂಡಿನ ಹಾಗೆ ಊದಿದೆ ಅಂದುಕೊಳ್ಳಿ. ಅವಳಿಗೆ ಕರಗಿಸುವ ಔಷಧಿ ಬಿಟ್ಟರೆ ಹೊಟ್ಟೆಯ ಹೊಸ ಗಾಯ ಸುಮ್ನೆ ಇರುತ್ತದಾ? ಮೊನ್ನೆ ತಾನೇ ಆಪರೇಷನ್ ಆದವರು, ತಲೆಗೆ ಪೆಟ್ಟಾದವರು, ಮೆದುಳಿನಲ್ಲಿ ಗಡ್ಡೆ ಇರುವವರು, ಇವರಿಗೆಲ್ಲ ಮೊದಲು ನಮ್ಮ ಹತ್ತಿರ ಹೆಚ್ಚೇನೂ ಇರಲಿಲ್ಲ. ಈಗ ಎಳೆದು ತೆಗೆಯುವ ದಾರಿ ಒಂದಿದೆ. ನನಗೆ ಈ ಉಪಕರಣದ ಮೇಲೆ ಗೌರವ ಇರುವುದು ಇದಕ್ಕೇ.

ಆದರೆ ಪುರಾವೆ ಕೇಳಿದರೆ? ಕ್ಲೌಟ್ ಅಂತ 500 ಜನರ ದಾಖಲೆ ಇದೆ. ಅದರ ಸಂಖ್ಯೆಗಳು ಚೆನ್ನಾಗಿವೆ. ಆದರೆ ಅದರಲ್ಲಿ ಎದುರು ಗುಂಪೇ ಇಲ್ಲ, ಅದನ್ನು ನಡೆಸಿದ್ದು ಉಪಕರಣ ಮಾರುವ ಕಂಪನಿ. ಒಬ್ಬನೇ ಓಡಿದ ಓಟದಲ್ಲಿ ಗೆದ್ದವನಿಗೆ ಕಪ್ ಕೊಡುವುದು ಹೇಗೆ? ಕ್ಯಾವೆಂಟ್ ಖುಷಿಯನ್ನು ಅಟ್ರ್ಯಾಕ್ಟ್ ಇಳಿಸಿದ್ದನ್ನು ನೋಡಿದವನು ನಾನು. ಬರೀ ಮಾತ್ರೆಯ ಎದುರು ನಿಲ್ಲಿಸಿ ನೋಡಲು ಡಿಫಯನ್ಸ್ ಅನ್ನುವ ಅಧ್ಯಯನವನ್ನು ಕೈಗೆತ್ತಿಕೊಂಡಿದ್ದಾರೆ. ಎದುರು ಗುಂಪಿನ ಲೆಕ್ಕ ನೋಡದೆ ನಾನು ಶಿಳ್ಳೆ ಹೊಡೆಯುವುದಿಲ್ಲ. ಇನ್ನು ಖರ್ಚು. ಇವೆಲ್ಲ ಹೊರದೇಶದಿಂದ ಬರುವ, ಒಮ್ಮೆ ಬಳಸಿ ಎಸೆಯುವ ವಸ್ತುಗಳು. ಲಕ್ಷಗಟ್ಟಲೆ ಆಗುತ್ತದೆ. ಹೊಲ ಅಡವಿಟ್ಟು ಮಾಡಿಸುವ ಮೊದಲು ಎರಡನೇ ಅಭಿಪ್ರಾಯ ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ.

ಎಡಗಾಲು ಅಂದೆನಲ್ಲ, ಅದಕ್ಕೆ ಕಾರಣ ಇದೆ. ಹೃದಯದಿಂದ ಬಲಗಾಲಿಗೆ ರಕ್ತ ಒಯ್ಯುವ ಅಪಧಮನಿ ಎಡಗಾಲಿನ ಇಲಿಯಾಕ್ ಸಿರೆಯ ಮೇಲೆ ಹಾದುಹೋಗುತ್ತದೆ. ಹಿಂದೆ ಬೆನ್ನುಮೂಳೆ, ಮುಂದೆ ಮಿಡಿಯುವ ಅಪಧಮನಿ, ನಡುವೆ ಸಿಕ್ಕಿ ಸಿರೆ ಅಪ್ಪಚ್ಚಿ. 1957ರಲ್ಲಿ ಮೇ ಮತ್ತು ಥರ್ನರ್ ಅನ್ನುವ ಇಬ್ಬರು 430 ಹೆಣಗಳನ್ನು ಪರೀಕ್ಷಿಸಿ, 22 ಶೇಕಡಾದಲ್ಲಿ ಆ ಜಾಗದ ಸಿರೆಯೊಳಗೆ ನಾರು ಕಟ್ಟಿದ್ದನ್ನು ಕಂಡರು. ಹೆಚ್ಚಿನವರಿಗೆ ಇದರಿಂದ ಏನೂ ಆಗುವುದಿಲ್ಲ. ಬಸುರಿಯಲ್ಲಿ ಗರ್ಭದ ಭಾರವೂ ಸೇರಿದರೆ ಕಷ್ಟ. ಹೆಪ್ಪು ತೆಗೆದ ಮೇಲೆ ಇಂಥ ಇಕ್ಕಟ್ಟು ಕಂಡರೆ ಸಿರೆಯನ್ನು ತೆರೆದಿಡುವ ಸ್ಟೆಂಟ್ ಹಾಕುತ್ತೇವೆ, ಇಲ್ಲದಿದ್ದರೆ ಅದೇ ಜಾಗದಲ್ಲಿ ಮತ್ತೆ ಹೆಪ್ಪು. ಇಲಿಯಾಕ್ ಸಿರೆಯಲ್ಲಿ ಕವಾಟ ಹೆಚ್ಚುಕಡಿಮೆ ಇರುವುದೇ ಇಲ್ಲ, ಹಾಗಾಗಿ ಅಲ್ಲಿ ಲೋಹದ ಕೊಳವೆ ಇಟ್ಟರೆ ಕಳೆದುಕೊಳ್ಳುವುದು ಕಡಿಮೆ. ತೊಡೆಯ ಸಿರೆಗೆ ಅದೇ ಮಾತು ಅನ್ವಯಿಸುವುದಿಲ್ಲ. ಕೆಳಗಿನಿಂದ ರಕ್ತ ಚೆನ್ನಾಗಿ ಹರಿದು ಬರದಿದ್ದರೆ ಸ್ಟೆಂಟೂ ಮುಚ್ಚಿಕೊಳ್ಳುತ್ತದೆ.

ಫಿಲ್ಟರ್ ಬಗ್ಗೆ ಚಿಕ್ಕದಾಗಿ. ಹೊಟ್ಟೆಯ ದೊಡ್ಡ ಸಿರೆಯಲ್ಲಿ ಟೀ ಸೋಸುವ ಜಾಲರಿಯಂಥದ್ದನ್ನು ಇಟ್ಟು, ಹೆಪ್ಪು ಶ್ವಾಸಕೋಶಕ್ಕೆ ಹೋಗದಂತೆ ತಡೆಯುವುದು. ಫ್ರಾನ್ಸಿನ ಪ್ರೆಪಿಕ್ ಅಧ್ಯಯನ, 1998, 400 ರೋಗಿಗಳು. ಶ್ವಾಸಕೋಶಕ್ಕೆ ಹೋಗುವುದು ಕಡಿಮೆಯಾಯಿತು, ಆದರೆ ಎರಡು ವರ್ಷದಲ್ಲಿ ಕಾಲಿನ ಹೆಪ್ಪು ಮರುಕಳಿಸಿದ್ದು 11.6ರ ಬದಲು 20.8 ಶೇಕಡಾ ಜನರಲ್ಲಿ. ಸಾವಿನಲ್ಲಿ ವ್ಯತ್ಯಾಸ ಇಲ್ಲ. ರಕ್ತಸ್ರಾವದಿಂದಾಗಿ ಮಾತ್ರೆ ಕೊಡಲು ಆಗದವರಿಗೆ ಮಾತ್ರ ಅದು. ಹಾಕಿಸಿಕೊಂಡವರು ತೆಗೆಸುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ಮರೆತು ವರ್ಷಗಟ್ಟಲೆ ಒಳಗೇ ಉಳಿದವು ಎಷ್ಟೋ.

ಒಂದು ಸಂದರ್ಭದಲ್ಲಿ ಮಾತ್ರ ಮೇಲಿನ ಯಾವ ಚರ್ಚೆಯೂ ಬೇಡ. ಕಾಲು ಇಡಿಯಾಗಿ ಬಿಗಿದು, ನೀಲಿಗಟ್ಟಿ, ತಡೆಯಲಾಗದ ನೋವು. ವಾಪಸ್ ಹೋಗಲು ದಾರಿಯೇ ಇಲ್ಲದೆ ಒಳಗೆ ಬರುವ ರಕ್ತವೂ ನಿಲ್ಲುತ್ತಿದೆ ಅಂತ ಅರ್ಥ. ಗಂಟೆಗಳ ಲೆಕ್ಕ ಅದು. ಆಗ ಯಾವ ಆಸ್ಪತ್ರೆಯಲ್ಲಿ ಯಾವ ಉಪಕರಣ ಕೈಗೆ ಸಿಗುತ್ತದೋ, ಸರ್ಜನ್ ಸಿಕ್ಕರೆ ಕೊಯ್ದಾದರೂ, ಹೆಪ್ಪು ತೆಗೆಯಲೇಬೇಕು. ಇಲ್ಲದಿದ್ದರೆ ಕಾಲು ಹೋಗುತ್ತದೆ.

ಉಳಿದಂತೆ ನಾನು ಯಾರಿಗೆ ಮಾಡುತ್ತೇನೆ? ಹೆಪ್ಪು ತೊಡೆಸಂದಿಯಿಂದ ಮೇಲಿರಬೇಕು, ಎರಡು ವಾರದ ಒಳಗಿನದಾಗಿರಬೇಕು, ವಯಸ್ಸು ಚಿಕ್ಕದು, ಓಡಾಡುವ ಬದುಕು, ರಕ್ತಸ್ರಾವದ ಭಯ ಕಡಿಮೆ, ಊತ ಜೋರು. ಇಂಥವರನ್ನು ಕೂರಿಸಿ ಹೇಳುತ್ತೇನೆ: ಮಾಡಿದರೆ ಕಾಲು ಬೇಗ ಹಗುರಾಗುತ್ತದೆ, ಮುಂದೆ ಜೋರಾದ ತೊಂದರೆ ಬರುವ ಸಾಧ್ಯತೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕೆಲವರು ಬೇಕು ಅನ್ನುತ್ತಾರೆ, ಕೆಲವರು ಮಾತ್ರೆಯೇ ಸಾಕು ಅನ್ನುತ್ತಾರೆ. ಎರಡೂ ಸರಿ.

ಪ್ರಶ್ನೆಗಳು ಬಂದವು. "ಬಿಗಿ ಕಾಲುಚೀಲ ಹಾಕಿದರೆ ಇದೆಲ್ಲ ತಪ್ಪುತ್ತಾ?" ಅಂತ ಒಬ್ಬ ಟೀಚರಮ್ಮ ಕೇಳಿದರು. ಊತ, ಭಾರ ಇದ್ದರೆ ಆರಾಮ ಕೊಡುತ್ತದೆ, ಹಾಕಿಕೊಳ್ಳಿ. ಆದರೆ 2014ರ ಸಾಕ್ಸ್ ಅಧ್ಯಯನದಲ್ಲಿ ನಿಜವಾದ ಚೀಲವನ್ನೂ ಸುಳ್ಳು ಚೀಲವನ್ನೂ ಹಾಕಿಸಿ ನೋಡಿದಾಗ ಮುಂದಿನ ತೊಂದರೆ ತಪ್ಪಿಸುವುದರಲ್ಲಿ ಎರಡೂ ಒಂದೇ ಆಗಿದ್ದವು. "ಮಲಗಿಯೇ ಇರಬೇಕಾ?" ಬೇಡ, ಮಾತ್ರೆ ಶುರುವಾದ ಮೇಲೆ ಹೆಚ್ಚಿನವರು ನಡೆದಾಡಬಹುದು.

ಕೊನೆಗೆ ಮುಂದಿನ ಸಾಲಿನ ಹಿರಿಯರ ಹತ್ತಿರ ಹೋದೆ. ಮಗಳ ಡಾಪ್ಲರ್ ರಿಪೋರ್ಟು ಅದೇ ಮೊಬೈಲಿನಲ್ಲಿತ್ತು. ನೋಡಿದೆ. ಹೆಪ್ಪು ಮಂಡಿಯ ಹಿಂದಿನ ಪಾಪ್ಲಿಟಿಯಲ್ ಸಿರೆಯಲ್ಲಿ ಮತ್ತು ಅದರ ಕೆಳಗೆ. ತೊಡೆಸಂದಿ ಖಾಲಿ, ಇಲಿಯಾಕ್ ಖಾಲಿ.

"ಶಿರಾಡಿ," ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೇತುವೆ ಅಲ್ಲ ಅನ್ನಿ," ಅಂದರು. ಮಾತ್ರೆ ಒಂದು ಹೊತ್ತೂ ತಪ್ಪಿಸದೆ ತಗೊಳ್ಳುತ್ತಿದ್ದಾಳಾ ಅಂತ ಕೇಳಿದೆ. ಕಾಲು ಇಳೀತಲ್ಲ ಅಂತ ಹೋದ ವಾರದಿಂದ ಬಿಟ್ಟಿದ್ದಾಳೆ ಅಂದರು. ಅಲ್ಲೇ ಅವಳಿಗೆ ಫೋನ್ ಮಾಡಿಸಿದೆ.